ಶುಂಠಿಗೆ ಸೊಪ್ಪಿನ ಹೊದಿಕೆ, ಕಳೆ ಔಷಧಿ ಒಂದೇ ಸಲ

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕೆಳಗೆ ಅಡಿಕೆ ತೋಟ, ಅದರಲ್ಲಿ ಕಾಳುಮೆಣಸಿನ ಬಳ್ಳಿ. ತೋಟದ ಮೇಲ್ಗಡೆ ಒಂದೂವರೆ ಎಕರೆ ಮಕ್ಕಿಗದ್ದೆ, ಅಂದರೆ ಮಳೆ ನಂಬಿದ ಎತ್ತರದ ಗದ್ದೆ. ಗದ್ದೆಯನ್ನು ಮೂರು ಭಾಗ ಮಾಡಿಕೊಂಡು ವರ್ಷಕ್ಕೊಂದು ಭಾಗದಲ್ಲಿ ಶುಂಠಿ ಹಾಕುತ್ತೇವೆ, ಉಳಿದದ್ದರಲ್ಲಿ ಭತ್ತ. ತೋಟ ನಮ್ಮ ಮನೆಯವರದ್ದು, ಶುಂಠಿ ನನ್ನದು. ಬೀಜದ ಗಡ್ಡೆ ಆರಿಸುವುದರಿಂದ ಹಿಡಿದು ಆಳುಗಳ ಲೆಕ್ಕದವರೆಗೆ ನಾನೇ ನೋಡಿಕೊಳ್ಳುತ್ತೇನೆ. ಕಳೆಯನ್ನೂ ನಾನೇ ಕಿತ್ತಿದ್ದೇನೆ. ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಕಷ್ಟ ನನಗೆ ಗೊತ್ತು. ಹಾಗಾಗಿ ಕಳೆ ಔಷಧಿ ಹೊಡೆಯುವವರನ್ನು ನಾನು ಬೈಯುವುದಿಲ್ಲ. ಆದರೆ ಎಲ್ಲಿ, ಯಾವಾಗ, ಎಷ್ಟು ಹೊಡೆಯಬೇಕು ಅನ್ನುವುದರಲ್ಲಿ ನಾವು ತುಂಬಾ ತಪ್ಪು ಮಾಡುತ್ತಿದ್ದೇವೆ. ನಾನೂ ಮಾಡಿದ್ದೇನೆ.

ನಾನು ಈಗ ಮಾಡುವುದು ಇಷ್ಟು. ಬೇಸಿಗೆಯಲ್ಲಿ ನೆಲ ಒಣಗಿಸುತ್ತೇನೆ. ನೆಟ್ಟ ಮೇಲೆ, ಬೇಕೇ ಬೇಕು ಅನ್ನಿಸಿದರೆ ಮಾತ್ರ, ಮಡಿಯ (ನೆಡಲು ಎತ್ತರಿಸಿದ ಮಣ್ಣಿನ ಪಾತಿಯ) ತಲೆಯ ಮೇಲೆ ಒಂದೇ ಸಲ ಔಷಧಿ ಹೊಡೆಸುತ್ತೇನೆ. ಮರುದಿನವೇ ಸೊಪ್ಪು ಮುಚ್ಚುತ್ತೇನೆ. ಶುಂಠಿ ಮೊಳಕೆ ಮೇಲೆ ಬಂದ ಮೇಲೆ ಕಳೆ ಔಷಧಿಯ ಪಂಪು ಗದ್ದೆಗೆ ಬರುವುದಿಲ್ಲ. ಒಂದೊಂದಾಗಿ ಹೇಳುತ್ತೇನೆ.

ಸೊಪ್ಪು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮಲೆನಾಡಿನಲ್ಲಿ ಶುಂಠಿಗೆ ಸೊಪ್ಪು ಮುಚ್ಚುವುದು ಹೊಸದಲ್ಲ. ನಮ್ಮ ಅತ್ತೆಯ ಕಾಲದಲ್ಲಿ ಮಳೆ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗಬಾರದು ಅಂತ ಮುಚ್ಚುತ್ತಿದ್ದರು. ಕಳೆ ಕಮ್ಮಿಯಾಗುವುದು ಜೊತೆಗೆ ಸಿಗುವ ಲಾಭ. "ಮಡಿ ಬೋಳು ಬಿಟ್ಟರೆ ಮಳೆ ತಿಂತದೆ, ತಂಗಿ" ಅನ್ನುತ್ತಿದ್ದರು.

ಆಗಲೇ ಹುಟ್ಟಿರುವ ಕಳೆಯನ್ನು ಸೊಪ್ಪು ಸಾಯಿಸುವುದಿಲ್ಲ. ಹೊಸದು ಹುಟ್ಟಲು ಬಿಡುವುದಿಲ್ಲ. ಇದನ್ನು ಮೊದಲು ತಲೆಗೆ ಹಾಕಿಕೊಳ್ಳಬೇಕು. ನಮ್ಮ ಗದ್ದೆಯಲ್ಲಿ ಜಾಸ್ತಿ ಬರುವ ನಾಯಿ ತುಳಸಿಯಂಥ ಗಿಡಗಳ ಬೀಜ ಪುಡಿ ಪುಡಿ ಇರುತ್ತದೆ. ಅವು ಮೊಳೆಯಲು ಬೆಳಕು ಬೇಕು. ಮೊಳೆತರೂ ಬೀಜದಲ್ಲಿ ಇರುವ ಶಕ್ತಿ ಅಷ್ಟಕ್ಕಷ್ಟೇ. ನಾಲ್ಕು ಬೆರಳು ದಪ್ಪದ ಸೊಪ್ಪು ತೂರಿ ಮೇಲೆ ಬರಲು ಅವಕ್ಕೆ ಆಗುವುದಿಲ್ಲ. ಹಾಗಾಗಿ ಬೀಜದಿಂದ ಹುಟ್ಟುವ ಸಣ್ಣ ಕಳೆಗೆ ಸೊಪ್ಪೇ ಸಾಕು.

ಜೇಕು ಹಾಗಲ್ಲ. ಕೆಲವರು ಕೊನ್ನಾರಿ ಅಂತಾರೆ, ತುಂಗೆ ಅಂತಲೂ ಹೇಳುತ್ತಾರೆ. ಅದಕ್ಕೆ ನೆಲದೊಳಗೆ ಗಡ್ಡೆ ಇದೆ. ಆ ಗಡ್ಡೆಯ ಶಕ್ತಿಯಲ್ಲಿ ಸೂಜಿಯಂಥ ಮೊಳಕೆ ಬಿಟ್ಟು ಸೊಪ್ಪನ್ನು ತೂರುತ್ತದೆ. ಪ್ಲಾಸ್ಟಿಕ್ ಹಾಳೆಯನ್ನೂ ತೂತು ಮಾಡಿಕೊಂಡು ಬರುತ್ತದೆ. ಗರಿಕೆಯೂ ಬೇರಿನ ಗಿಣ್ಣಿನಿಂದ ಚಿಗುರಿ ಸಂದು ಹುಡುಕಿಕೊಂಡು ಹೊರಗೆ ಬರುತ್ತದೆ. ಇವೆರಡು ಇರುವ ಮಡಿಗೆ ಎಷ್ಟು ಸೊಪ್ಪು ಸುರಿದರೂ ಸುಮ್ನೆ ದಂಡ. ಮೊಳಕೆಗೆ ಮುಂಚೆ ಹೊಡೆಯುವ ಔಷಧಿಗೂ ಇವು ಬಗ್ಗುವುದಿಲ್ಲ, ಯಾಕೆಂದರೆ ಅದು ಕೆಲಸ ಮಾಡುವುದು ಬೀಜದ ಮೊಳಕೆಯ ಮೇಲೆ, ಗಡ್ಡೆಯ ಮೇಲೆ ಅಲ್ಲ.

ಹಾಗಾದರೆ ಜೇಕಿಗೆ ಏನು ಮಾಡುವುದು? ಬೇಸಿಗೆ ಬಿಸಿಲೇ ಅದಕ್ಕೆ ಔಷಧಿ.

ಭತ್ತ ಕೊಯ್ದ ಮೇಲೆ ಜನವರಿಯಲ್ಲಿ, ನೆಲದಲ್ಲಿ ಇನ್ನೂ ಸ್ವಲ್ಪ ಪಸೆ ಇರುವಾಗ, ಆಳವಾಗಿ ಉಳುಮೆ ಮಾಡಿಸಿ. ಗಡ್ಡೆ ಮೇಲೆ ಬಂದು ಬಿಸಿಲಿಗೆ ಬೀಳಬೇಕು. ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಸಲ, ಮಾರ್ಚ್‌ನಲ್ಲಿ ಮತ್ತೊಂದು ಸಲ. ಜೇಕಿನ ಗಡ್ಡೆ ಪೂರ್ತಿ ಒಣಗಿದರೆ ಸಾಯುತ್ತದೆ. ಮಣ್ಣಿನ ಹೆಂಟೆಯೊಳಗೆ ತಂಪಾಗಿ ಕೂತರೆ ಮಾತ್ರ ಬದುಕುತ್ತದೆ. ಪಸೆ ಇರುವ ನೆಲಕ್ಕೆ ರೋಟವೇಟರ್ ಹಾಕಿಸಬೇಡಿ. ಅದು ಜೇಕಿನ ಗಡ್ಡೆಗಳ ಸರಪಳಿಯನ್ನು, ಗರಿಕೆಯ ಬೇರನ್ನು ಚೂರು ಚೂರು ಮಾಡಿ ಇಡೀ ಗದ್ದೆಗೆ ಹಂಚುತ್ತದೆ. ಒಂದು ಮೂಲೆಯಲ್ಲಿ ಇದ್ದ ಜೇಕು ಮುಂದಿನ ವರ್ಷ ಎಲ್ಲಾ ಮಡಿಯಲ್ಲೂ ಕಾಣಿಸುತ್ತದೆ. ನಮ್ಮಲ್ಲಿ ಒಂದು ವರ್ಷ ಹಾಗೇ ಆಯಿತು. ಆಮೇಲೆ ಅದನ್ನು ಹಿಡಿತಕ್ಕೆ ತರಲು ಮೂರು ಬೇಸಿಗೆ ಬೇಕಾಯಿತು. ಕೊನೆಯ ಉಳುಮೆ ಆದ ಮೇಲೆ ಇಬ್ಬರು ಬುಟ್ಟಿ ಹಿಡಿದು ಒಂದು ದಿನ ಬೇರು, ಗಡ್ಡೆ ಆರಿಸಿದರೆ ಮಳೆಗಾಲದಲ್ಲಿ ಹತ್ತು ಆಳಿನ ಕೆಲಸ ಉಳಿಯುತ್ತದೆ. ಆರಿಸಿದ್ದನ್ನು ಗೊಬ್ಬರ ಗುಂಡಿಗೆ ಹಾಕಬೇಡಿ. ಒಣಗಿಸಿ ಸುಟ್ಟುಬಿಡಿ.

ಮಡಿ ಮೊದಲೇ ಮಾಡಿ, ಕಳೆಯನ್ನು ಹುಟ್ಟಿಸಿ

ಇದು ನಾನು ತಡವಾಗಿ ಕಲಿತದ್ದು. ಎಲ್ಲರೂ ಮಡಿ ಮಾಡಿದ ದಿನವೇ ನೆಡುತ್ತಾರೆ. ನಾನು ಈಗ ಏಪ್ರಿಲ್ ಮೊದಲ ವಾರದಲ್ಲೇ ಮಡಿ ಮಾಡಿಸಿ ಬಿಟ್ಟುಬಿಡುತ್ತೇನೆ. ಮಡಿ ಒಂದು ಮೀಟರ್ ಅಗಲ, ನಡುವೆ ಅರ್ಧ ಮೀಟರ್ ಕಾಲುವೆ. ನಮ್ಮ ಮಳೆಗೆ ಮಡಿ ಒಂದು ಅಡಿ ಎತ್ತರ ಇದ್ದರೆ ಒಳ್ಳೆಯದು. ಒಂದೆರಡು ಬೇಸಿಗೆ ಮಳೆ ಬೀಳುತ್ತದೆ, ಬೀಳದಿದ್ದರೆ ಒಂದು ಸಲ ನೀರು ಹಾಯಿಸುತ್ತೇನೆ. ಹತ್ತು ಹನ್ನೆರಡು ದಿನದಲ್ಲಿ ಮಡಿ ಹಸಿರಾಗುತ್ತದೆ. ಆಗ ಕತ್ತಿಯ ಬಾಯಲ್ಲಿ ಮೇಲಿಂದ ಮೇಲೆ ಕೆರೆದು ಹಾಕಿಸುತ್ತೇನೆ. ಆಳಕ್ಕೆ ಅಗೆಯಬಾರದು. ಅಗೆದರೆ ಕೆಳಗೆ ಮಲಗಿದ್ದ ಬೀಜ ಮೇಲೆ ಬಂದು ಮತ್ತೆ ಹುಟ್ಟುತ್ತದೆ. ಬಿಸಿಲಿಗೆ ಎರಡು ದಿನದಲ್ಲಿ ಕೆರೆದದ್ದೆಲ್ಲ ಒಣಗಿ ಹೋಗುತ್ತದೆ. ಮೇಲಿನ ಪದರದ ಬೀಜದಲ್ಲಿ ದೊಡ್ಡ ಪಾಲು ಹೀಗೆ ಔಷಧಿಯಿಲ್ಲದೆ ಖಾಲಿ.

ಕೋಳಿಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಡಿಯ ಮೇಲೆ ಬಿಳಿ ಪಾರದರ್ಶಕ ಪಾಲಿಥೀನ್ ಹಾಸಿ 40 ದಿನ ಬಿಸಿಲಿಗೆ ಬೇಯಿಸಲು ಹೇಳುತ್ತಾರೆ. ಅವರು ಮುಖ್ಯವಾಗಿ ಹೇಳುವುದು ಗಡ್ಡೆ ಕೊಳೆ ರೋಗದ ಸಲುವಾಗಿ, ಆದರೆ ಕಳೆ ಬೀಜಕ್ಕೂ ಅದು ಸರಿಯಾದ ಶಿಕ್ಷೆ. ಹಾಳೆಗೆ ದುಡ್ಡು ಬೀಳುತ್ತದೆ. ನಾನು ಬೀಜಕ್ಕೆ ಇಡುವ ಆರು ಮಡಿಗೆ ಮಾತ್ರ ಮಾಡುತ್ತೇನೆ. ಆ ಆರು ಮಡಿಗೆ ಔಷಧಿ ಹೊಡೆಸುವ ಪ್ರಶ್ನೆಯೇ ಬರುವುದಿಲ್ಲ.

ಸೊಪ್ಪಿನ ಲೆಕ್ಕ

ಅದೇ ಸಂಸ್ಥೆಯ ಶಿಫಾರಸು ಹೀಗಿದೆ: ಶುಂಠಿ ನೆಟ್ಟಾಗ ಹೆಕ್ಟೇರಿಗೆ 10ರಿಂದ 12 ಟನ್ ಹಸಿರು ಸೊಪ್ಪು. ಆಮೇಲೆ 45ನೇ ದಿನ ಮತ್ತು 90ನೇ ದಿನ ತಲಾ 7.5 ಟನ್. ಎಕರೆಗೆ ಇಳಿಸಿದರೆ ಮೊದಲ ಸಲ ನಾಲ್ಕರಿಂದ ಐದು ಟನ್, ಆಮೇಲೆ ಮೂರು ಮೂರು ಟನ್. ತಲೆಹೊರೆ ಒಂದಕ್ಕೆ 25 ಕಿಲೋ ಅಂತ ಹಿಡಿದರೂ ಎಕರೆಗೆ ಮೊದಲ ಹೊದಿಕೆಗೇ 180 ಹೊರೆ! ನನ್ನ ಅರ್ಧ ಎಕರೆಗೆ 90.

ಇಲ್ಲೇ ಎಲ್ಲರೂ ಸೋಲುವುದು. ಸೊಪ್ಪು ಸಾಲುವುದಿಲ್ಲ, ತೆಳ್ಳಗೆ ಉದುರಿಸುತ್ತಾರೆ, ಸಂದಿಯಲ್ಲೆಲ್ಲ ಕಳೆ ಬರುತ್ತದೆ, "ಸೊಪ್ಪು ಮುಚ್ಚಿದರೂ ಪ್ರಯೋಜನ ಇಲ್ಲ" ಅಂತ ಮುಂದಿನ ವರ್ಷ ಪೂರ್ತಿ ಔಷಧಿಗೆ ಹೋಗುತ್ತಾರೆ. ಸೊಪ್ಪು ಪೂರ್ತಿ ಸಿಕ್ಕ ವರ್ಷ ನನಗೆ ಔಷಧಿ ಬೇಕಾಗುವುದಿಲ್ಲ. ಸಿಗದ ವರ್ಷ ಮಾತ್ರ ಆ ಒಂದು ಸಲದ ಸಿಂಪಡಣೆ. ಎಷ್ಟು ಸೊಪ್ಪು ಸಿಗುತ್ತದೆ ಅನ್ನುವುದನ್ನು ಮಾರ್ಚ್‌ನಲ್ಲೇ ನೋಡಿಕೊಂಡು ಔಷಧಿ ಬೇಕಾ ಬೇಡವಾ ಅಂತ ತೀರ್ಮಾನ ಮಾಡಿ. ಅಂಗಡಿಗೆ ಹೋದ ಮೇಲೆ ತೀರ್ಮಾನ ಮಾಡಬೇಡಿ.

ಸೊಪ್ಪು ಎಲ್ಲಿಂದ? ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ, ಅಂದರೆ ಸೊಪ್ಪು ತರಲು ಬಿಟ್ಟ ಕಾಡು, ಇದೆ. ಅಲ್ಲಿಂದ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವುದು ರೂಢಿ. ಆದರೆ ಶುಂಠಿಗೂ ಬೆಟ್ಟವನ್ನೇ ಬೋಳಿಸಲು ನನಗೆ ಮನಸ್ಸಿಲ್ಲ. ವರ್ಷಾ ವರ್ಷಾ ದರಗು ಗುಡಿಸಿ ತಂದರೆ ಬೆಟ್ಟದ ನೆಲ ಗಟ್ಟಿಯಾಗುತ್ತದೆ, ಸಸಿ ಏಳುವುದಿಲ್ಲ. ನಮ್ಮ ಬೆಟ್ಟದಲ್ಲಿ ನಾನೇ ನೋಡಿದ್ದೇನೆ. ಅದಕ್ಕೇ ಎಂಟು ವರ್ಷದ ಹಿಂದೆ ಗದ್ದೆಯ ಸುತ್ತ ಬೇಲಿಗೆ ಗ್ಲಿರಿಸಿಡಿಯಾ ಗೂಟ ನೆಡಿಸಿದೆ. ಈಗ ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ. ಬೇಗ ಕೊಳೆಯುವುದು ಗಿಡಕ್ಕೆ ಒಳ್ಳೆಯದು, ಕಳೆ ತಡೆಯಲು ಅಷ್ಟು ಒಳ್ಳೆಯದಲ್ಲ. ಹಾಗಾಗಿ ಗ್ಲಿರಿಸಿಡಿಯಾ ಕೆಳಗೆ, ಅದರ ಮೇಲೆ ನಿಧಾನ ಕೊಳೆಯುವ ಮಾವು, ಹಲಸಿನ ಎಲೆ ಅಥವಾ ಅಕೇಶಿಯಾ ದರಗು. ಅಕೇಶಿಯಾ ಎಲೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅದನ್ನೇ ದಪ್ಪ ಹಾಕಿದರೆ ಮಡಿಯ ಮೇಲೆ ಹಂಚಿನ ಹಾಗೆ ಕೂತು ನೀರು ಜಾರಿ ಹೋಗುತ್ತದೆ, ತೆಳ್ಳಗೆ ಸಾಕು.

ಲಕ್ಕಿ ಸೊಪ್ಪು ಸಿಕ್ಕರೆ ಬಿಡಬೇಡಿ. ಲಕ್ಕಿ ಅಥವಾ ಲಂಟಾನ ಸೊಪ್ಪು ಮುಚ್ಚಿದರೆ ಶುಂಠಿಗೆ ಕಾಂಡ ಕೊರಕ ಹುಳುವಿನ ಕಾಟ ಕಮ್ಮಿಯಾಗಬಹುದು ಅಂತ ಸಾಂಬಾರ ಬೆಳೆ ಸಂಸ್ಥೆಯವರೇ ಹೇಳುತ್ತಾರೆ. ಯುಪಟೋರಿಯಂ, ನಾವು ಕಮ್ಯುನಿಸ್ಟ್ ಗಿಡ ಅನ್ನುವುದು, ಅದೂ ಆಗುತ್ತದೆ. ಅದು ಹೂ ಬಿಡುವುದು ಚಳಿಗಾಲದಲ್ಲಿ. ಮೇ, ಜೂನ್‌ನಲ್ಲಿ ಎಳೆಯದಾಗಿ ಬೀಜವಿಲ್ಲದೆ ಇರುತ್ತದೆ, ಆಗ ಕಡಿದು ತನ್ನಿ. ಹಾಗೆ ಕಡಿದರೆ ಬೇಲಿ ಸಾಲೂ ಚೊಕ್ಕವಾಗುತ್ತದೆ. ಬೀಜ ಕಟ್ಟಿದ ಯಾವ ಕಳೆಯನ್ನೂ ಹೊದಿಕೆಗೆ ತರಬೇಡಿ.

ಭತ್ತದ ಹುಲ್ಲೂ ಒಳ್ಳೆಯ ಹೊದಿಕೆ. ಪಂಜಾಬಿನಲ್ಲಿ ಅರಿಶಿನಕ್ಕೆ ಅದನ್ನೇ ಹಾಸುತ್ತಾರೆ. ಲುಧಿಯಾನದ ಕೃಷಿ ವಿಶ್ವವಿದ್ಯಾಲಯದವರು ಮೊಳಕೆಗೆ ಮುಂಚಿನ ಔಷಧಿ ಒಂದು ಸಲ, ಅದರ ಮೇಲೆ ಭತ್ತದ ಹುಲ್ಲು ಅನ್ನುವ ಜೋಡಿಯನ್ನೇ ಅರಿಶಿನದಲ್ಲಿ ಪರೀಕ್ಷೆ ಮಾಡಿದ್ದಾರೆ. ನಮ್ಮಲ್ಲಿ ಹುಲ್ಲು ದನಕ್ಕೇ ಸಾಲುವುದಿಲ್ಲ. ಅದರಲ್ಲಿ ಉಳಿದ ಕಾಳು ಮೊಳೆತು ಭತ್ತವೇ ಕಳೆಯಾಗುವುದೂ ಉಂಟು.

ಕಾಲುವೆಯ ಅಂಚಿಗೆ ಸೆಣಬು ಅಥವಾ ಡಯಾಂಚದಂಥ ಹಸಿರು ಗೊಬ್ಬರದ ಗಿಡ ಬಿತ್ತಿ, ಹೂ ಬರುವ ಮುಂಚೆ, ಸುಮಾರು 45 ದಿನಕ್ಕೆ ಕೊಯ್ದು ಅಲ್ಲೇ ಮಡಿಯ ಮೇಲೆ ಹಾಕಬಹುದು. ಎರಡನೇ ಹೊದಿಕೆಗೆ ನನಗೆ ಮೂರರಲ್ಲಿ ಒಂದು ಪಾಲು ಇದರಿಂದಲೇ ಸಿಗುತ್ತದೆ. ಹೊರುವ ಕೆಲಸವಿಲ್ಲ ಅನ್ನುವುದೇ ದೊಡ್ಡ ಸಮಾಧಾನ.

ಪ್ಲಾಸ್ಟಿಕ್ ಮಲ್ಚಿಂಗ್ ಬಗ್ಗೆ ಕೇಳುತ್ತಾರೆ. ಶುಂಠಿಗೆ ನನಗೆ ಅದು ಹಿಡಿಸಲಿಲ್ಲ. ಶುಂಠಿ ಒಂದೇ ತೂತಿನಲ್ಲಿ ಬೆಳೆಯುವ ಗಿಡ ಅಲ್ಲ, ಅಕ್ಕಪಕ್ಕ ಮರಿ ಒಡೆಯುತ್ತದೆ. ಹಾಳೆ ಇದ್ದರೆ ಮಣ್ಣು ಏರಿಸಲು ಆಗುವುದಿಲ್ಲ, ಮಣ್ಣು ಏರಿಸದೆ ಗಡ್ಡೆ ದಪ್ಪ ಆಗುವುದಿಲ್ಲ.

ಆ ಒಂದು ಸಲದ ಔಷಧಿ

ಮೊದಲು ಒಂದು ಮಾತು. ಡಬ್ಬಿಯ ಮೇಲಿನ ಚೀಟಿ ಓದಿ. ಕನ್ನಡದಲ್ಲೂ ಮುದ್ರಿಸಿ ಒಳಗೆ ಇಟ್ಟಿರುತ್ತಾರೆ. ಅದರಲ್ಲಿ ಯಾವ ಬೆಳೆಗೆ ಅಂತ ಇರುತ್ತದೆ. ತುಂಬಾ ಕಳೆ ಔಷಧಿಗಳ ಚೀಟಿಯಲ್ಲಿ ಶುಂಠಿಯ ಹೆಸರು ಇರುವುದಿಲ್ಲ. ಇಲ್ಲದಿದ್ದರೆ ಕೃಷಿ ವಿಜ್ಞಾನ ಕೇಂದ್ರದವರನ್ನೋ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರನ್ನೋ ಕೇಳದೆ ಮುಟ್ಟಬೇಡಿ. ನಾನು ಪ್ರತಿ ವರ್ಷ ಕೇಳಿಯೇ ಮುಂದುವರಿಯುವುದು.

ಗ್ಲೈಫೋಸೇಟ್ ಅನ್ನುವ ಕಳೆ ಔಷಧಿಯ ಬಗ್ಗೆ ಹೇಳಲೇಬೇಕು. ಎಷ್ಟೋ ಜನ ಶುಂಠಿ ಮೊಳಕೆ ಬರುವ ಮುಂಚೆ ಅದನ್ನೇ ಹೊಡೆಯುತ್ತಾರೆ. ಅದರ ಚೀಟಿಯಲ್ಲಿ ಇರುವುದು ಚಹಾ ತೋಟ ಮತ್ತು ಬೆಳೆಯಿಲ್ಲದ ಜಾಗ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವ ಗುಂಪಿಗೆ ಸೇರಿಸಿತು. ಕೇರಳ 2019ರಲ್ಲಿ ಮಾರಾಟವನ್ನೇ ನಿಲ್ಲಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ತರಬೇತಿ ಪಡೆದ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳನ್ನು ಬಿಟ್ಟು ಬೇರೆಯವರು ಬಳಸಬಾರದು ಅಂತ ಆದೇಶ ಹೊರಡಿಸಿತು. ನಮ್ಮ ಗದ್ದೆಯ ಕಾಲುವೆ ನೀರು ಇಳಿಯುವುದು ತೋಟಕ್ಕೆ, ಅಲ್ಲಿಂದ ಹಳ್ಳಕ್ಕೆ. ಹಳ್ಳದಲ್ಲಿ ಮಕ್ಕಳು ಮೀನು ಹಿಡಿಯುತ್ತಾರೆ. ನಾನು ಅದನ್ನು ಬಿಟ್ಟು ಬಿಟ್ಟೆ.

ಬಿಡಲು ಇನ್ನೊಂದು ಕಾರಣವೂ ಇದೆ. 2016ರ ಜುಲೈನಲ್ಲಿ, ಬದುವಿನ ಮೇಲೆ ಹುಲ್ಲು ಎದೆಮಟ್ಟ ಬೆಳೆದಿತ್ತು. ಔಷಧಿ ಅಂಗಡಿಯಲ್ಲಿ "ಬದುವಿಗೆ ಹೊಡೆದರೆ ಶುಂಠಿಗೆ ಏನೂ ಆಗಲ್ಲ" ಅಂದರು. ಪಂಪಿನ ಮೂತಿಗೆ ಮುಚ್ಚಳ ಇರಲಿಲ್ಲ, ಗಾಳಿ ಸ್ವಲ್ಪ ಇತ್ತು. ಹತ್ತು ದಿನದಲ್ಲಿ ಬದುವಿನ ಪಕ್ಕದ ಎರಡು ಮಡಿಯ ಶುಂಠಿಯ ಹೊಸ ಸುಳಿ ಬಿಳಿಚಿಕೊಂಡಿತು. ಆ ಮಡಿಗಳಲ್ಲಿ ಗಡ್ಡೆ ಬೆರಳು ಗಾತ್ರದ್ದೇ ಉಳಿಯಿತು. ಹೊಡೆದ ಮೂರನೇ ದಿನ ಕಳೆ ಕೀಳಲು ಬಂದ ಹೆಂಗಸೊಬ್ಬರು "ಅಮ್ಮಾ, ಕೈ ಉರೀತದೆ" ಅಂದರು. ಅವರಿಗೆ ಔಷಧಿ ಹೊಡೆದದ್ದನ್ನು ನಾನು ಹೇಳಿಯೇ ಇರಲಿಲ್ಲ. ಶುಂಠಿ ಹೋದದ್ದಕ್ಕಿಂತ ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ಈಗ ನಾನು ಬಳಸುವುದು ಪೆಂಡಿಮೆಥಾಲಿನ್ ಅನ್ನುವ, ಮೊಳಕೆಗೆ ಮುಂಚೆ ಹೊಡೆಯುವ ಕಳೆ ಔಷಧಿ, ಅದೂ ಸೊಪ್ಪು ಸಾಲದ ವರ್ಷ ಮಾತ್ರ. ಅರಿಶಿನದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹಾಕುವ ಪ್ರಮಾಣ ಹೆಕ್ಟೇರಿಗೆ 1 ಕಿಲೋ ಮೂಲ ಔಷಧಿ. ಡಬ್ಬಿಯಲ್ಲಿ 30 ಇ.ಸಿ. ಅಂತ ಇದ್ದರೆ ಲೀಟರಿಗೆ 300 ಗ್ರಾಂ ಇದೆ ಅಂತ ಅರ್ಥ. ಅಂದರೆ ಹೆಕ್ಟೇರಿಗೆ 3.3 ಲೀಟರ್, ಎಕರೆಗೆ ಸುಮಾರು 1.35 ಲೀಟರ್. ಡಬ್ಬಿಯ ಮೇಲಿನ ಅಂಕಿ ಬೇರೆ ಇದ್ದರೆ ಈ ಲೆಕ್ಕವೂ ಬದಲಾಗುತ್ತದೆ.

ಕಮ್ಮಿ ಮಾಡುವುದು ಹೇಗೆ ಅನ್ನುವುದನ್ನು ಸರಿಯಾಗಿ ಕೇಳಿ. ನೀರಿಗೆ ಹಾಕುವ ಔಷಧಿಯನ್ನು ಅರ್ಧ ಮಾಡುವುದಲ್ಲ. ಹಾಗೆ ಮಾಡಿದರೆ ಕಳೆ ಅರೆಜೀವವಾಗಿ ಉಳಿದು ಮತ್ತೆ ಹೊಡೆಯಬೇಕಾಗುತ್ತದೆ. ಕಮ್ಮಿ ಮಾಡಬೇಕಾದದ್ದು ಜಾಗವನ್ನು ಮತ್ತು ಸಲವನ್ನು. ಮಡಿ ಒಂದು ಮೀಟರ್, ಕಾಲುವೆ ಅರ್ಧ ಮೀಟರ್. ಮೂರು ಪಾಲಿನಲ್ಲಿ ಎರಡು ಪಾಲು ಮಾತ್ರ ಮಡಿ. ಕಾಲುವೆಗೆ ಹೊಡೆಯುವ ಅಗತ್ಯವೇ ಇಲ್ಲ, ಯಾಕೆಂದರೆ 45ನೇ ದಿನ ಹೇಗೂ ಕಾಲುವೆ ಮಣ್ಣನ್ನು ಎತ್ತಿ ಮಡಿಗೆ ಏರಿಸುತ್ತೇವೆ, ಅಲ್ಲಿನ ಕಳೆ ಆಗ ಹೋಗುತ್ತದೆ. ಕಾಲುವೆಗೆ ಬಿದ್ದ ಔಷಧಿ ಮೊದಲ ಮಳೆಗೇ ಹಳ್ಳ ಸೇರುವುದೂ ತಪ್ಪುತ್ತದೆ. ಹಾಗಾಗಿ ಎಕರೆಗೆ 1.35 ಲೀಟರ್ ಬದಲು 900 ಮಿಲಿ ಸಾಕು. ಎಕರೆಗೆ 200 ಲೀಟರ್ ನೀರು ಅಂತ ಇರುವಲ್ಲಿ ಸುಮಾರು 130 ಲೀಟರ್, ಅಂದರೆ 16 ಲೀಟರಿನ ಟ್ಯಾಂಕ್ ಎಂಟು. ಟ್ಯಾಂಕಿಗೆ 110 ಮಿಲಿ ಚಿಲ್ಲರೆ. ನನ್ನ ಅರ್ಧ ಎಕರೆಗೆ ನಾಲ್ಕೇ ಟ್ಯಾಂಕ್. ಜೊತೆಗೆ ಬೀಜದ ಆರು ಮಡಿ, ಸೊಪ್ಪು ದಪ್ಪ ಮುಚ್ಚುವ ಕೆಳಗಿನ ಸಾಲು ಇವನ್ನೂ ಬಿಡುತ್ತೇನೆ. ಕಳೆದ ಸಲ ಮೂರು ಟ್ಯಾಂಕ್ ಆಯಿತು.

ಈ ಲೆಕ್ಕ ಸರಿಬರಬೇಕಾದರೆ ಮೊದಲು ಬರೀ ನೀರು ಹಾಕಿ ನೋಡಬೇಕು. ಒಂದು ಟ್ಯಾಂಕ್ ನೀರು ತುಂಬಿಸಿ, ಹೊಡೆಯುವವರ ಸಹಜ ನಡಿಗೆಯಲ್ಲಿ ಮಡಿಯ ಮೇಲೆ ಹೊಡೆಸಿ. ಎಷ್ಟು ಮಡಿಗೆ ಬಂತು ಎಣಿಸಿ. ಎಂಟು ಟ್ಯಾಂಕಿಗೆ ಒಂದು ಎಕರೆ ಮಡಿ ಮುಗಿಯುವ ಹಾಗೆ ನಡಿಗೆ ಹೊಂದಿಸಿಕೊಳ್ಳಿ. ಚಪ್ಪಟೆಯಾಗಿ ಬೀಸಣಿಗೆ ಹಾಗೆ ಬೀಳುವ ನಾಝಲ್ ಹಾಕಿಸಿ. ಸುತ್ತಲೂ ಹೊಗೆಯ ಹಾಗೆ ಹಾರುವ ಕೀಟನಾಶಕದ ನಾಝಲ್ ಇದಕ್ಕಲ್ಲ. ಹೊಡೆಯುವವರು ಹಿಂದಕ್ಕೆ ನಡೆದರೆ ಒಳ್ಳೆಯದು, ಹೊಡೆದ ಮಣ್ಣನ್ನು ತುಳಿಯುವುದು ತಪ್ಪುತ್ತದೆ.

ಯಾವಾಗ? ನೆಟ್ಟು ಮಣ್ಣು ಮುಚ್ಚಿದ ಎರಡು ಮೂರು ದಿನದೊಳಗೆ. ಮಣ್ಣು ಹಸಿ ಇರಬೇಕು, ಆದರೆ ಅಂದೇ ದೊಡ್ಡ ಮಳೆ ಬರುವ ಸೂಚನೆ ಇರಬಾರದು. ಬೆಳಿಗ್ಗೆ ಒಂಬತ್ತರೊಳಗೆ, ಗಾಳಿ ಏಳುವ ಮುಂಚೆ.

ಮೊದಲು ಔಷಧಿ, ಆಮೇಲೆ ಸೊಪ್ಪು. ಇದನ್ನು ತಿರುಗುಮುರುಗು ಮಾಡಬೇಡಿ. ಪೆಂಡಿಮೆಥಾಲಿನ್ ಮಣ್ಣಿನ ಮೇಲ್ಪದರದಲ್ಲಿ ಕೂತು ಅಲ್ಲಿ ಮೊಳೆಯುವ ಬೀಜವನ್ನು ಹಿಡಿಯಬೇಕು. ಸೊಪ್ಪಿನ ಮೇಲೆ ಹೊಡೆದರೆ ಅದು ಎಲೆಗೇ ಅಂಟಿಕೊಳ್ಳುತ್ತದೆ, ಮಣ್ಣಿಗೆ ಇಳಿಯುವುದೇ ಇಲ್ಲ. ಹೊಡೆದು ಬೋಳು ಬಿಟ್ಟರೂ ಬಿಸಿಲಿಗೆ ಅದರ ಶಕ್ತಿ ಇಳಿಯುತ್ತದೆ. ಮರುದಿನ ಸೊಪ್ಪು ಮುಚ್ಚಿದರೆ ಬಿಸಿಲು ತಾಗುವುದಿಲ್ಲ, ಮಳೆಗೆ ಕೊಚ್ಚಿ ಹೋಗುವುದೂ ಕಮ್ಮಿ. ತೆಳು ಸೊಪ್ಪಿನ ಸಂದಿಯಲ್ಲಿ ಬರಬೇಕಿದ್ದ ಕಳೆಯನ್ನು ಔಷಧಿ ಹಿಡಿಯುತ್ತದೆ. ಔಷಧಿ ಸೋತ ಮೇಲೆ ಬರುವುದನ್ನು ಸೊಪ್ಪು ಹಿಡಿಯುತ್ತದೆ. ಮುಚ್ಚುವವರು ಕೈಗವಸು, ಕಾಲಿಗೆ ಬೂಟು ಹಾಕಿರಬೇಕು.

ಹೊಡೆಯುವವರಿಗೆ ಉದ್ದ ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ. ಮುಗಿದ ಮೇಲೆ ಸಾಬೂನು ಹಾಕಿ ಸ್ನಾನ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಅದೇ ಟ್ಯಾಂಕಿಗೆ ಸುರಿದು, ಡಬ್ಬಿಗೆ ತೂತು ಹೊಡೆಯಿರಿ. ಇಲ್ಲದಿದ್ದರೆ ಅದು ಯಾರದ್ದೋ ಮನೆಯಲ್ಲಿ ಸೀಮೆಎಣ್ಣೆ ಡಬ್ಬಿ ಆಗುತ್ತದೆ. ಕಳೆ ಔಷಧಿಗೆ ಬೇರೆಯೇ ಪಂಪು ಇಡಿ. ನಮ್ಮದಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ. ಅದರಲ್ಲಿ ಕೊಳೆ ರೋಗದ ಬೋರ್ಡೋ ದ್ರಾವಣ ಹೊಡೆಯುವ ಹಾಗಿಲ್ಲ.

ಮಳೆ ನಕ್ಷತ್ರದ ಲೆಕ್ಕದಲ್ಲಿ ಮುಂದಿನ ಕೆಲಸ

ನಾವು ನೆಡುವುದು ಭರಣಿ ಮಳೆಯ ಹೊತ್ತಿಗೆ, ಮೇ ತಿಂಗಳ ಮೊದಲ ವಾರದೊಳಗೆ. 45 ದಿನ ಅಂದರೆ ಮೃಗಶಿರ ಮಳೆ. 90 ದಿನ ಅಂದರೆ ಪುಷ್ಯದ ಕೊನೆ. ಈ ಎರಡು ಗುರುತು ಇಟ್ಟುಕೊಂಡರೆ ಕ್ಯಾಲೆಂಡರ್ ನೋಡುವುದೇ ಬೇಡ.

ಶುಂಠಿ ಮೇಲೆ ಬರಲು ಹದಿನೈದು ದಿನದಿಂದ ತಿಂಗಳು ಬೇಕು. ಬಂದ ಮೇಲೂ ನಿಧಾನವೇ. ಎಲೆ ಹರಡಿ ನೆಲಕ್ಕೆ ನೆರಳು ಬೀಳುವವರೆಗೆ ಕಳೆಗೆ ಅದು ಎದುರು ನಿಲ್ಲಲಾರದು. ಆ ಮೊದಲ ಎರಡೂವರೆ ಮೂರು ತಿಂಗಳು ಕಾದರೆ ಆಮೇಲೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಸೊಪ್ಪು ಗಟ್ಟಿಯಾಗಿ ಹೆಣೆದುಕೊಂಡ ಕಡೆ ಮೊಳಕೆ ಬಾಗಿ ಕೆಳಗೇ ಹೊರಳುತ್ತದೆ. ಇಪ್ಪತ್ತನೇ ದಿನದಿಂದ ಮಡಿ ಸುತ್ತಾಡಿ, ಅಂಥ ಕಡೆ ಕೈಯಲ್ಲಿ ಬಿಡಿಸಿ ಕೊಡಿ.

ಮೃಗಶಿರದಲ್ಲಿ ಮೊದಲ ಕೈಗಳೆ. ಸಣ್ಣದನ್ನು ಕೀಳಿ. ಶುಂಠಿಯ ಬುಡಕ್ಕೆ ಅಂಟಿಕೊಂಡ ದೊಡ್ಡ ಗಿಡವನ್ನು ಎಳೆಯಬೇಡಿ, ನೆಲಮಟ್ಟಕ್ಕೆ ಕೊಯ್ಯಿರಿ. ಎಳೆದರೆ ಗಡ್ಡೆ ಅಲ್ಲಾಡುತ್ತದೆ, ಗಾಯವಾದ ಗಡ್ಡೆಗೆ ಕೊಳೆ ಬೇಗ ಬರುತ್ತದೆ. ಶುಂಠಿಯ ಬೇರು ಮೇಲ್ಮೇಲೆಯೇ ಇರುವುದರಿಂದ ಮಡಿಯ ಮೇಲೆ ಗುದ್ದಲಿ ಆಡಿಸುವುದೂ ಬೇಡ. ಕಿತ್ತದ್ದು ಹೂ ಬಿಡದ ಕಳೆಯಾದರೆ ಬೇರು ಮೇಲೆ ಮಾಡಿ ಅಲ್ಲೇ ಹಾಸಿ. ಜೇಕು, ಗರಿಕೆ ಮಾತ್ರ ಬುಟ್ಟಿಗೆ. ಆಮೇಲೆ ಗೊಬ್ಬರ ಕೊಟ್ಟು, ಕಾಲುವೆ ಮಣ್ಣು ಏರಿಸಿ, ಅದರ ಮೇಲೆ ಎರಡನೇ ಸೊಪ್ಪು. ಸೊಪ್ಪಿನ ಮೇಲೆ ಸಗಣಿ ಬಗ್ಗಡ ಹೊಯ್ದರೆ ಬೇಗ ಕಳಿತು ಗಿಡಕ್ಕೆ ಸೇರುತ್ತದೆ. ಪುಷ್ಯದಲ್ಲಿ ಇದೇ ಕೆಲಸ ಇನ್ನೊಂದು ಸಲ. ಮೊದಲೆಲ್ಲ ನನಗೆ ನಾಲ್ಕೈದು ಸಲ ಕಳೆ ತೆಗೆಸಬೇಕಿತ್ತು. ಈಗ ಈ ಎರಡರಲ್ಲೇ ಮುಗಿಯುತ್ತದೆ.

ಸೊಪ್ಪು ಮುಚ್ಚಿದ ಮಡಿಯಲ್ಲಿ ಒಂದು ಅಪಾಯ ಇದೆ. ಕೆಳಗೆ ಏನಾಗುತ್ತಿದೆ ಕಾಣುವುದಿಲ್ಲ. ಕಾಲುವೆಗೆ ಸೊಪ್ಪು ಬಿದ್ದು ನೀರು ಕಟ್ಟಿದರೆ ಎರಡೇ ದಿನದಲ್ಲಿ ಗಡ್ಡೆ ಕೊಳೆಯಲು ಶುರು. ಆರ್ದ್ರಾ, ಪುನರ್ವಸು ಮಳೆಯಲ್ಲಿ ನಾನು ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಕಾಲುವೆ ಸುತ್ತುತ್ತೇನೆ. ವಾರಕ್ಕೊಮ್ಮೆ ಅಲ್ಲಲ್ಲಿ ಸೊಪ್ಪು ಎತ್ತಿ ಬುಡ ನೋಡುತ್ತೇನೆ. ಬುಡದ ಕಾಂಡ ಮೆತ್ತಗಾಗಿ, ಎಳೆದರೆ ಕೈಗೆ ಬಂದರೆ ಆ ಬುಡವನ್ನು ಮಣ್ಣು ಸಮೇತ ತೆಗೆದು ಗದ್ದೆಯಿಂದ ಹೊರಗೆ ಹಾಕಿ. ರೋಗ ಬಂದ ಮಡಿಯ ಸೊಪ್ಪನ್ನು ಬೇರೆ ಮಡಿಗೆ ಒಯ್ಯಬೇಡಿ. ಒಣ ದರಗಿಗೆ ಗೆದ್ದಲು ಬರುತ್ತದೆ. ಮೊದಲ ಹೊದಿಕೆಗೆ ಹಸಿ ಸೊಪ್ಪು ಜಾಸ್ತಿ, ದರಗು ಕಮ್ಮಿ ಇದ್ದರೆ ಅದರ ಕಾಟ ಅಷ್ಟಿಲ್ಲ.

ಅರಿಶಿನ, ಕಾಳುಮೆಣಸು ಇದ್ದವರಿಗೆ

ಅರಿಶಿನಕ್ಕೂ ಇದೇ ಕ್ರಮ. ಮೊದಲ ಸೊಪ್ಪು ಸ್ವಲ್ಪ ಜಾಸ್ತಿ ಬೇಕು, ಹೆಕ್ಟೇರಿಗೆ 12ರಿಂದ 15 ಟನ್. ಆಮೇಲಿನದ್ದು 40 ಮತ್ತು 90 ದಿನಕ್ಕೆ. ಬಯಲುಸೀಮೆಯವರಿಗೆ ಸೊಪ್ಪು ಸಿಗದಿದ್ದರೆ ಕಬ್ಬಿನ ರವದಿ (ಒಣ ಎಲೆ) ಇದೆ, ತೆಂಗಿನ ಗರಿ ಇದೆ.

ಕಾಳುಮೆಣಸಿನ ಬಳ್ಳಿಯ ಬುಡಕ್ಕೆ ಕಳೆ ಔಷಧಿ ಬೇಡವೇ ಬೇಡ. ಉಣ್ಣುವ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ, ನೆಲದಲ್ಲಿ ಹರಿಯುವ ಹಬ್ಬು ಬಳ್ಳಿಗೆ ಒಂದು ಹನಿ ತಾಗಿದರೂ ಕಷ್ಟ. ಸಾಲಿನ ನಡುವಿನ ಹುಲ್ಲನ್ನು ಕತ್ತಿಯಲ್ಲಿ ಸವರಿ, ಪೂರ್ತಿ ಬೋಳು ಮಾಡಬೇಡಿ. ಸವರಿದ್ದನ್ನೇ ಬುಡದ ಸುತ್ತ ಹರಡಿ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಅಡಿಕೆ ಸಿಪ್ಪೆ ಇದ್ದರೆ ಮಳೆ ನಿಂತ ಮೇಲೆ ಅದನ್ನೂ ಹಾಕಬಹುದು.

ಶುಂಠಿ ಕೀಳುವ ಹೊತ್ತಿಗೆ, ಡಿಸೆಂಬರ್ ಜನವರಿಯಲ್ಲಿ, ಒಂದು ಸಣ್ಣ ಕೆಲಸ ಇದೆ. ಎಲ್ಲಿ ಜೇಕು ಉಳಿದಿದೆಯೋ ಅಲ್ಲಿ ಒಂದೊಂದು ಗೂಟ ಹೊಡೆದು ಗುರುತು ಮಾಡಿ. ಶುಂಠಿ ಕಿತ್ತ ಮೇಲೆ ಗದ್ದೆ ಎಲ್ಲಾ ಒಂದೇ ಥರ ಕಾಣುತ್ತದೆ, ಆಮೇಲೆ ನೆನಪು ಇರುವುದಿಲ್ಲ. ಕಳೆದ ವರ್ಷ ನಾನು ಹನ್ನೊಂದು ಗೂಟ ಹೊಡೆದಿದ್ದೆ. ಈ ಸಲ ನಾಲ್ಕು ಸಾಕಾಯಿತು. ಆ ನಾಲ್ಕು ಜಾಗಕ್ಕೆ ಬಿಸಿಲು ಬಲಿತ ಮೇಲೆ ಹಾರೆ ಹಾಕಿ ಅಗೆಸಿ, ಗಡ್ಡೆಯನ್ನು ಕೈಯಲ್ಲೇ ಆರಿಸಿ ತೆಗೆಯುತ್ತೇವೆ.